ಎರಡು ವರ್ಷದ ಬಾಕ್ಸ್ ಟ್ರೈನರ್: ಗ್ಲೌಸ್ ಬೆರಳಿಗೆ ಪೂರ್ತಿ ಅಂಕ, ಕ್ಯಾಮೆರಾಗೆ ಅರ್ಧ

ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತುಗಳ ಮೂಲಕ ಪರದೆ ನೋಡುತ್ತ ಮಾಡುವ ಶಸ್ತ್ರಚಿಕಿತ್ಸೆ, ಅದರ ಅಭ್ಯಾಸದ ಡಬ್ಬಿಯೇ ಬಾಕ್ಸ್ ಟ್ರೈನರ್. ಮನೆಯಲ್ಲೇ ಅದನ್ನು ಮಾಡಲು ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು ವೆಬ್‌ಕ್ಯಾಮ್ ಕೂರಿಸುವುದು ಎಲ್ಲರಿಗೂ ಗೊತ್ತಿದೆ, ಅದನ್ನು ಬಿಡೋಣ. ಎರಡು ವರ್ಷದಲ್ಲಿ ನಿಜಕ್ಕೂ ಖುಷಿ ಕೊಟ್ಟಿದ್ದು ಗ್ಲೌಸಿನ ಬೆರಳು.

ಲ್ಯಾಪರೋಸ್ಕೋಪಿ ಕೌಶಲ ಅಳೆಯುವ ಎಫ್‌ಎಲ್‌ಎಸ್ ಪರೀಕ್ಷೆಯಲ್ಲಿ ಹೊಲಿಗೆಗೆ ಪೆನ್‌ರೋಸ್ ಡ್ರೇನ್ (ಮೆತ್ತನೆಯ ರಬ್ಬರ್ ಕೊಳವೆ) ಕೊಡುತ್ತಾರೆ. ಸರ್ಜಿಕಲ್ ಗ್ಲೌಸಿನ ಎರಡು ಬೆರಳು ಕತ್ತರಿಸಿ ಒಂದರೊಳಗೊಂದು ತೂರಿಸಿದರೆ ಅದೇ ಕೆಲಸ ಆಗುತ್ತದೆ. ಒಂದು ಪದರ ಮಾತ್ರ ಇದ್ದರೆ ಬೇಗ ಹರಿಯುತ್ತದೆ. ಒಳಗೆ ಗಾಜ್ (ಗಾಯಕ್ಕೆ ಕಟ್ಟುವ ಬಟ್ಟೆ) ತುಂಡು ಮಡಿಸಿಟ್ಟು ಉಬ್ಬಿಸಿ, ಮೇಲೆ ಒಂದೂವರೆ ಸೆಂಟಿಮೀಟರ್ ಸೀಳಿ, ಸೀಳಿನ ಎರಡೂ ಪಕ್ಕ ಸೂಜಿ ಹಾಯಬೇಕಾದ ಜಾಗಕ್ಕೆ ಮಾರ್ಕರಿನಿಂದ ಒಂದೊಂದು ಚುಕ್ಕೆ ಇಡಿ. ಸೂಜಿಯ ಬಾಗಿಗೆ ತಕ್ಕಂತೆ ಮಣಿಕಟ್ಟು ತಿರುಗಿಸದೆ ನೇರ ಎಳೆದರೆ ತೂತು ಸೀಳಿಕೊಂಡು ಉದ್ದವಾಗುತ್ತದೆ. ಸೂಜಿಗೆ ಗಾಜ್ ಸಿಕ್ಕಿಕೊಂಡು ಬಂತೆಂದರೆ ತೀರಾ ಆಳಕ್ಕೆ ಹೋಗಿದ್ದೀರಿ; ಕರುಳಾಗಿದ್ದರೆ ಹಿಂದಿನ ಗೋಡೆಯನ್ನೂ ಸೇರಿಸಿ ಹೊಲಿದ ಹಾಗೆ.

ಬಹಳ ಜನ ಎಡವುವುದು ಇದನ್ನು ಕೂರಿಸುವಾಗ. ಪುಶ್‌ಪಿನ್ ಚುಚ್ಚಿಯೋ ಗಮ್ ಹಾಕಿಯೋ ಬಿಗಿದರೆ ಎಷ್ಟು ಎಳೆದರೂ ಜಗ್ಗುವುದಿಲ್ಲ, ಒರಟು ಕೈ ಹಾಗೇ ಉಳಿಯುತ್ತದೆ. ವೆಲ್ಕ್ರೋ ಪಟ್ಟಿ ಮೇಲೆ ಕೂರಿಸಿ. ಗಂಟು ಬಿಗಿಯುವಾಗ ಮೇಲಕ್ಕೆ ಜಗ್ಗಿದರೆ ಬೆರಳು ಕಿತ್ತು ಬರುತ್ತದೆ. ಪರೀಕ್ಷೆಯಲ್ಲೂ ಡ್ರೇನ್ ತಾನು ಕೂತ ಬ್ಲಾಕಿನಿಂದ ಕಿತ್ತು ಬಂದರೆ ಆ ಟಾಸ್ಕ್‌ಗೆ ಸೊನ್ನೆ.

ದಾರ 2-0 (ದಪ್ಪದ ಅಳತೆ) ಸಿಲ್ಕ್, 15 ಸೆಂಟಿಮೀಟರ್. ದಾರದ ಬಾಲ, ಅಂದರೆ ಸೂಜಿಯಿಲ್ಲದ ತುದಿ, ಎರಡು ಸೆಂಟಿಮೀಟರಿಗಿಂತ ಉದ್ದ ಬಿಟ್ಟರೆ ಸುತ್ತು ಹಾಕಿದ ಮೇಲೆ ಕುಣಿಕೆಯಿಂದ ಹೊರಗೆ ಬರುವುದೇ ಇಲ್ಲ. ಮೊದಲು ಜೋಡಿ ಸುತ್ತು, ಆಮೇಲೆ ಕೈ ಬದಲಿಸಿ ಎರಡು ಒಂಟಿ ಸುತ್ತು. ಪರೀಕ್ಷೆಯ ಮಿತಿ 600 ಸೆಕೆಂಡು, ಅಭ್ಯಾಸದ ಗುರಿ 112. ದಿನಕ್ಕೆ ಐದು ಗಂಟು, ಹೊಟ್ಟೆ ತುಂಬುವಷ್ಟು ಅಭ್ಯಾಸ.

ಆಪರೇಷನ್ ಥಿಯೇಟರಿನಲ್ಲಿ ಬಳಸಿದ ಗ್ಲೌಸ್ ಖಂಡಿತ ಬೇಡ. ಅವಧಿ ಮೀರಿದ, ಒಡೆಯದ ಪ್ಯಾಕೆಟ್ ಕೇಳಿ ತನ್ನಿ. ತೀರಾ ಹಳೆಯದಾದರೆ ರಬ್ಬರ್ ಅಂಟಂಟಾಗಿ ಸೀಳು ಬಾಯಿ ತೆರೆಯುವುದಿಲ್ಲ. ಅಂಗಡಿಯ ದಪ್ಪ ಸಿಲಿಕೋನ್ ಪ್ಯಾಡ್‌ಗೆ ದುಡ್ಡು ಹಾಕಬೇಡಿ. ಅದು ತೆರೆದ ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಸರಿ. ಗ್ರಾಸ್ಪರ್ (ಹಿಡಿಯುವ ಚಿಮಟ) ಹಿಡಿತದ ಅಭ್ಯಾಸಕ್ಕೆ ಹುಣಸೆಬೀಜವೇ ಸಾಕು, ಜೋರಾಗಿ ಒತ್ತಿದರೆ ಚಿಮ್ಮಿ ಹೋಗುತ್ತದೆ.

ಬೇಜಾರು ಮಾಡಿದ್ದು ಕ್ಯಾಮೆರಾ. ಆಟೋಫೋಕಸ್ ಇದ್ದರೆ ಉಪಕರಣದ ತುದಿ ಹತ್ತಿರ ಬಂದ ತಕ್ಷಣ ಹಿಂದಿನದೆಲ್ಲ ಮಸುಕು, ಅದೂ ಸರಿಯಾಗಿ ಸೂಜಿ ಚುಚ್ಚುವ ಹೊತ್ತಿಗೆ. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ ದೂರ ಹೊಂದಿಸಿಕೊಳ್ಳಿ. ಮೊಬೈಲಿನಿಂದ ವೈಫೈಯಲ್ಲಿ ಟಿವಿಗೆ ಕಳಿಸುವ ಉಪಾಯವಂತೂ ಬೇಡವೇ ಬೇಡ. ಚಿತ್ರ ತಡವಾಗಿ ಬಂದು ಕೈ ಗುರಿ ದಾಟಿ ಹೋಗುತ್ತದೆ, ಆಮೇಲೆ ಆ ತಡಕ್ಕೇ ಕೈ ಒಗ್ಗಿಕೊಳ್ಳುತ್ತದೆ. ತಂತಿಯೇ ಇರಲಿ.

ಉಳಿದ ದುಡ್ಡು ನೀಡಲ್ ಹೋಲ್ಡರ್‌ಗೆ (ಸೂಜಿ ಹಿಡಿಯುವ ಉಪಕರಣಕ್ಕೆ) ಹಾಕಿ. ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ, ಆದರೆ ಕೊಳ್ಳುವ ಮುಂಚೆ ಸೂಜಿ ಕಚ್ಚಿಸಿ ಲಾಕ್ ಮಾಡಿ, ಇನ್ನೊಂದು ಉಪಕರಣದಿಂದ ಸೂಜಿಯ ತುದಿಯನ್ನು ಪಕ್ಕಕ್ಕೆ ತಳ್ಳಿ ನೋಡಿ. ಸೂಜಿ ತಿರುಗಿದರೆ ದವಡೆ ಸವೆದಿದೆ, ವಾಪಸ್ ಕೊಡಿ.