ರೇಡಿಯೊಮಾಸ್ಟರ್ ಟಿಎಕ್ಸ್16ಎಸ್: ಕೆಲವು ವರ್ಷ ಹಾರಿಸಿದ ಮೇಲೆ

ಮಾಡೆಲ್ ವಿಮಾನದ ಹುಚ್ಚು ಹೊಸದಾಗಿ ಹತ್ತಿದ ಹುಡುಗರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಅಣ್ಣಾ, ಎಷ್ಟು ಚಾನೆಲ್ ಇರೋ ರಿಮೋಟ್ ತಗೊಳ್ಳಲಿ?" ಚಾನೆಲ್ ಅಂದರೆ ರಿಮೋಟ್ ಬೇರೆ ಬೇರೆಯಾಗಿ ನಡೆಸಬಲ್ಲ ಒಂದೊಂದು ಕೆಲಸ. ನಾನು ತಿರುಗಿ ಕೇಳುತ್ತೇನೆ: "ಮುಂದೆ ಎಷ್ಟು ವಿಮಾನ ಕಟ್ತೀಯಪ್ಪ?" ಟ್ರಾನ್ಸ್‌ಮಿಟರ್, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟ್ ರೇಡಿಯೊ, ಒಂದು ಸಲ ಕೊಂಡರೆ ಮುಗಿಯಿತು. ಅದರ ಸಿಗ್ನಲ್ ಹಿಡಿಯುವ ರಿಸೀವರ್ ಮಾತ್ರ ಪ್ರತಿ ವಿಮಾನಕ್ಕೂ ಒಂದೊಂದು ಬೇಕು. ಒಂದು ಕಂಪನಿಯ ರಿಸೀವರ್ ಇನ್ನೊಂದರ ಟ್ರಾನ್ಸ್‌ಮಿಟರ್ ಜೊತೆ ಸಾಮಾನ್ಯವಾಗಿ ಮಾತಾಡುವುದಿಲ್ಲ. ಹಾಗಾಗಿ ಮುಂದಿನ ಹತ್ತು ವರ್ಷ ಯಾವ ರಿಸೀವರ್ ಕೊಳ್ಳುತ್ತೀರಿ ಅನ್ನೋದು ಇವತ್ತೇ ತೀರ್ಮಾನವಾಗಿಬಿಡುತ್ತದೆ. ಈ ಲೆಕ್ಕ ಹಾಕಿಯೇ ನಾನು ಟಿಎಕ್ಸ್16ಎಸ್ ಮಾರ್ಕ್ 2 ತಗೊಂಡೆ. ಒಳಗೆ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ರೇಡಿಯೊ ಲಿಂಕ್ ವ್ಯವಸ್ಥೆ ಇರುವ ಮಾದರಿ.

ನಾನು ಹಾರಿಸುವುದು ತುಮಕೂರಿನ ಹೊರಗೆ, ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳದಲ್ಲಿ, ಇಲ್ಲವೇ ರಾಗಿ ಕೊಯ್ದ ಹೊಲಗಳಲ್ಲಿ. ಥರ್ಮೊಕೋಲ್, ಡೆಪ್ರಾನ್, ಕೊರೊಪ್ಲಾಸ್ಟ್ ಕತ್ತರಿಸಿ ಕಟ್ಟಿದ ಟ್ರೈನರ್‌ಗಳು, ಒಂದು ಫ್ಲೈಯಿಂಗ್ ವಿಂಗ್, ಒಂದು ಮೋಟಾರ್ ಗ್ಲೈಡರ್. ರೇಸಿಂಗ್ ಡ್ರೋನ್ ನನ್ನ ಕ್ಷೇತ್ರ ಅಲ್ಲ. ಆದ್ದರಿಂದ ಇದು ರೆಕ್ಕೆ ಇರುವ ವಿಮಾನ ಹಾರಿಸುವವನ ಅಭಿಪ್ರಾಯ ಅಂತ ತಿಳಿದುಕೊಂಡೇ ಓದಿ.

ಇದಕ್ಕೂ ಮುಂಚೆ ಫ್ಲೈಸ್ಕೈ ಎಫ್‌ಎಸ್-ಐ6 ಇತ್ತು. ಆರು ಚಾನೆಲ್, ನಾಲ್ಕು ಎಎ ಸೆಲ್, ಕಪ್ಪು ಅಕ್ಷರದ ಪುಟ್ಟ ಪರದೆ. ಅದನ್ನು ಹೀಗಳೆಯುವವರು ಜಾಸ್ತಿ. ನನಗೆ ಮಾತ್ರ ಅದರ ಮೇಲೆ ಗೌರವ ಇದೆ. 20 ಮಾಡೆಲ್ ನೆನಪಿಟ್ಟುಕೊಳ್ಳುತ್ತದೆ, ಬಾಲವಿಲ್ಲದ ಫ್ಲೈಯಿಂಗ್ ವಿಂಗ್‌ಗೆ ಬೇಕಾದ ಎಲೆವಾನ್ ಮಿಕ್ಸಿಂಗ್ ಇದೆ, ರಿಸೀವರ್ ವೋಲ್ಟೇಜ್ ಕೂಡ ಪರದೆ ಮೇಲೆ ತೋರಿಸುತ್ತದೆ. ತೋರಿಸುತ್ತದೆ ಸರಿ, ನೋಡೋದು ಯಾವಾಗ? ವಿಮಾನ ಗಾಳಿಯಲ್ಲಿರುವಾಗ ಕಣ್ಣು ಆಕಾಶ ಬಿಟ್ಟು ಇಳಿಯುವಂತಿಲ್ಲ. ಬೀಪ್ ಅಂತ ಸದ್ದು ಬಂದರೆ ಅದು ಟ್ರಾನ್ಸ್‌ಮಿಟರ್ ಬ್ಯಾಟರಿಗೋ, ಟೈಮರ್‌ಗೋ, ವಿಮಾನಕ್ಕೋ ಅಂತ ಅಲ್ಲೇ ಊಹೆ ಮಾಡಬೇಕು. ಹೊಸ ರೇಡಿಯೊ ಬೇಕು ಅನ್ನಿಸಿದ್ದು ಈ ಒಂದು ಕಾರಣಕ್ಕೆ. 16 ಚಾನೆಲ್‌ಗಾಗಿ ಅಲ್ಲ. ನನ್ನ ಯಾವ ವಿಮಾನವೂ ಆರು ದಾಟಿಲ್ಲ.

ಟಿಎಕ್ಸ್16ಎಸ್ ಮಾತಾಡುತ್ತದೆ. ಅದರಲ್ಲಿ ಓಡುವ ಎಡ್ಜ್‌ಟಿಎಕ್ಸ್ ತಂತ್ರಾಂಶ ಓಪನ್ ಸೋರ್ಸ್. ಅದು ಆಡುವ ಮಾತುಗಳೆಲ್ಲ ಮೈಕ್ರೊ ಎಸ್‌ಡಿ ಕಾರ್ಡ್‌ನಲ್ಲಿ ಸಣ್ಣ ಸಣ್ಣ ವೇವ್ ಫೈಲ್‌ಗಳಾಗಿ ಕೂತಿರುತ್ತವೆ. ಅಂದ ಮೇಲೆ ಅವನ್ನು ಬದಲಾಯಿಸಬಹುದು, ಅಲ್ವಾ? ನಮ್ಮ ಮನೆಯಲ್ಲಿ ಮಗಳ ಹತ್ತಿರ ಫೋನ್‌ನಲ್ಲಿ ಹೇಳಿಸಿ ರೆಕಾರ್ಡ್ ಮಾಡಿದೆ. "ಬ್ಯಾಟರಿ ಇಳೀತಿದೆ", "ಸಿಗ್ನಲ್ ಕಮ್ಮಿ, ಹತ್ರ ಬಾ", "ಮೋಟಾರ್ ಬಂದ್". ಮೋನೊ ಫೈಲ್ ಮಾಡಿ, ಚಿಕ್ಕ ಹೆಸರು ಕೊಟ್ಟು, ಕಾರ್ಡ್‌ನ ಧ್ವನಿ ಫೋಲ್ಡರ್‌ಗೆ ಹಾಕಿದರೆ ಆಯಿತು. ಮೈದಾನದಲ್ಲಿ ಇದನ್ನು ಕೇಳಿ ನಗುವವರು ಇದ್ದಾರೆ. ನಕ್ಕು ಆದ ಮೇಲೆ ಕಾರ್ಡ್ ಕಾಪಿ ಕೊಡಿ ಅಂತ ಕೇಳುವವರೂ ಅವರೇ.

ಈ ಮಾತು ಸುಮ್ನೆ ಅಲಂಕಾರಕ್ಕೆ ಅಲ್ಲ. ವಿಮಾನದ ಬ್ಯಾಟರಿಯನ್ನು ಅಳೆಯುವ ರಿಸೀವರ್ ಹಾಕಿದರೆ ವೋಲ್ಟೇಜ್ ಎಷ್ಟಿದೆ ಅನ್ನೋದು ಟ್ರಾನ್ಸ್‌ಮಿಟರ್‌ಗೆ ಬರುತ್ತದೆ. ಜೊತೆಗೆ ಲಿಂಕ್ ಕ್ವಾಲಿಟಿ ಎಂಬ ಅಂಕಿಯೂ ಬರುತ್ತದೆ. ಅಂದರೆ ಕಳಿಸಿದ ನೂರು ಪ್ಯಾಕೆಟ್‌ನಲ್ಲಿ ಎಷ್ಟು ತಲುಪಿದವು ಅಂತ. ಒಂದು ಲಾಜಿಕಲ್ ಸ್ವಿಚ್ ಬರೆದು, ಅದು ಇಂತಿಷ್ಟಕ್ಕಿಂತ ಕೆಳಗಿಳಿದರೆ ಈ ಫೈಲ್ ನುಡಿಸು ಅಂತ ಹೇಳಿಟ್ಟರೆ ಸಾಕು. 3 ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ನಾನು 10.8 ವೋಲ್ಟ್‌ಗೆ ಎಚ್ಚರಿಕೆ ಇಟ್ಟಿದ್ದೇನೆ. ಮೋಟಾರ್ ಪೂರ್ತಿ ಎಳೆಯುವಾಗ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಅದಕ್ಕೆಲ್ಲ ಕೂಗಬಾರದು ಅಂತ ಕೆಲವು ಸೆಕೆಂಡ್ ಕಾದು ಹೇಳುವ ಹಾಗೆ ಡಿಲೇ ಹಾಕಿದ್ದೇನೆ.

ಎಡ್ಜ್‌ಟಿಎಕ್ಸ್ ಕಲಿಯಲು ಸಮಯ ಬೇಕು. ಇದನ್ನು ಮುಚ್ಚಿಡುವುದು ಸರಿಯಲ್ಲ. ವಿ ಆಕಾರದ ಬಾಲದ ವಿಮಾನಕ್ಕೆ ಹಳೆಯ ರೇಡಿಯೊಗಳಲ್ಲಿ "ವಿ-ಟೇಲ್: ಆನ್" ಅಂದರೆ ಕೆಲಸ ಮುಗಿಯುತ್ತಿತ್ತು. ಇಲ್ಲಿ ಇನ್‌ಪುಟ್, ಮಿಕ್ಸ್, ಔಟ್‌ಪುಟ್ ಅಂತ ಮೂರು ಮೆಟ್ಟಿಲು. ಬೆರಳಲ್ಲಿ ಆಡಿಸುವ ಕಡ್ಡಿ (ಸ್ಟಿಕ್) ಎಷ್ಟು ಚುರುಕಾಗಿರಬೇಕು ಅನ್ನೋದು ಮೊದಲನೆಯದರಲ್ಲಿ. ಯಾವ ಕಡ್ಡಿ ಯಾವ ಸರ್ವೊಗೆ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ಹೋಗಬೇಕು ಅನ್ನೋದು ಎರಡನೆಯದರಲ್ಲಿ. ಸರ್ವೊ ಎಲ್ಲಿಯವರೆಗೆ ತಿರುಗಬೇಕು, ಯಾವ ದಿಕ್ಕಿಗೆ ಅನ್ನೋದು ಕೊನೆಯದರಲ್ಲಿ. ಈ ಮೂರನ್ನು ಕಲಸಿಕೊಳ್ಳದಿದ್ದರೆ ಉಳಿದದ್ದು ಸಲೀಸು. ಕಂಪ್ಯೂಟರ್‌ನಲ್ಲಿ ಕಂಪ್ಯಾನಿಯನ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ವಿಮಾನ ಮುಟ್ಟದೆಯೇ ಎಲ್ಲ ಪರೀಕ್ಷೆ ಮಾಡಬಹುದು. ನಾನು ಮೊದಲು ಬರೆದದ್ದು ಥ್ರಾಟಲ್ ಕಟ್. ಒಂದು ಸ್ವಿಚ್ ಮೇಲಿದ್ದರೆ ಕಡ್ಡಿ ಎಲ್ಲೇ ಇರಲಿ, ಮೋಟಾರ್ ತಿರುಗಬಾರದು. ಹತ್ತಿರ ಮಕ್ಕಳು ಬಂದು ನಿಲ್ಲುವ ಊರಲ್ಲಿ ಇದಿಲ್ಲದೆ ಬ್ಯಾಟರಿ ಚುಚ್ಚುವುದು ಬೇಡ.

ಇನ್ನು ಮುಖ್ಯ ವಿಷಯ, ಲಿಂಕ್. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಕೂಡ ಓಪನ್ ಸೋರ್ಸ್. ಬಳಸುವುದು ದೂರ ತಲುಪುವ ಲೋರಾ ರೇಡಿಯೊ ತಂತ್ರಜ್ಞಾನದ ಚಿಪ್. 2.4 ಗಿಗಾಹರ್ಟ್ಸ್‌ನಲ್ಲೂ ಇದೆ, 900 ಮೆಗಾಹರ್ಟ್ಸ್ ಆಸುಪಾಸಿನಲ್ಲೂ ಇದೆ. ಕೆಳಗಿನ ಬ್ಯಾಂಡ್‌ಗೆ ನಮ್ಮ ದೇಶದ ಮಟ್ಟಿಗೆ 866 ಎಂದೇ ಪ್ರತ್ಯೇಕ ಆಯ್ಕೆ ಇಟ್ಟಿದ್ದಾರೆ, ಯಾಕೆಂದರೆ ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರ ಆಚೀಚಿನ ಪಟ್ಟಿ. ಕಣ್ಣಿಗೆ ಕಾಣುವಷ್ಟು ದೂರ ಹಾರಿಸುವ ನಮಗೆ 2.4 ಸಾಕೇ ಸಾಕು. ಮುಖ್ಯವಾಗಿ, ಇದರ ರಿಸೀವರ್ ಒಂದೇ ಕಂಪನಿಯ ಸೊತ್ತಲ್ಲ. ಬೇರೆ ಬೇರೆಯವರು ಮಾಡುತ್ತಾರೆ, ಎಲ್ಲವೂ ಒಂದಕ್ಕೊಂದು ಹೊಂದುತ್ತವೆ. ಒಬ್ಬರು ಬಾಗಿಲು ಮುಚ್ಚಿದರೆ ಇನ್ನೊಬ್ಬರದ್ದು ಸಿಗುತ್ತದೆ.

ಅನಲಾಗ್ ಸರ್ವೊ ಹಾಕಿದ ವಿಮಾನಕ್ಕೆ 500 ಹರ್ಟ್ಸ್ ಪ್ಯಾಕೆಟ್ ರೇಟ್ (ಸೆಕೆಂಡಿಗೆ 500 ಸಲ ಆಜ್ಞೆ ಕಳಿಸುವುದು) ಇಟ್ಟುಕೊಂಡು ಹೆಮ್ಮೆಪಡುವವರನ್ನು ನೋಡಿದ್ದೇನೆ. ಆ ಸರ್ವೊ ಸೆಕೆಂಡಿಗೆ 50 ಸಲ ಮಾತ್ರ ಆಜ್ಞೆ ಕೇಳುತ್ತದೆ. ಉಳಿದದ್ದು ವ್ಯರ್ಥ. ರೇಟ್ ಇಳಿಸಿದಷ್ಟೂ ರೇಂಜ್ ಹೆಚ್ಚುತ್ತದೆ. ನಾನು 100 ಹರ್ಟ್ಸ್ ಫುಲ್ ಮೋಡ್‌ನಲ್ಲೇ ಇದ್ದೇನೆ.

ರೆಕ್ಕೆ ವಿಮಾನದವರು ಗಮನಿಸಬೇಕಾದ ಒಂದು ಸಂಗತಿ ಇದೆ, ಡ್ರೋನ್ ಹುಡುಗರು ಇದನ್ನು ಹೇಳುವುದಿಲ್ಲ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನ ಹೈಬ್ರಿಡ್, ವೈಡ್ ಮೋಡ್‌ಗಳಲ್ಲಿ 5ನೇ ಚಾನೆಲ್‌ಗೆ ಎರಡೇ ಸ್ಥಿತಿ: ಆನ್, ಇಲ್ಲವೇ ಆಫ್. ಡ್ರೋನ್‌ನಲ್ಲಿ ಅದು ಆರ್ಮ್ ಸ್ವಿಚ್, ಅಂದರೆ ಮೋಟಾರ್ ತಿರುಗಲು ಬಿಡುವ ಸ್ವಿಚ್. ನಾವು ಎರಡನೇ ಏಲೆರಾನ್ (ವಿಮಾನ ವಾಲಿಸುವ ರೆಕ್ಕೆಯ ಪಟ್ಟಿ) ಸರ್ವೊವನ್ನು ಅದಕ್ಕೆ ಹಾಕಿದರೆ ಆ ಪಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿಯುತ್ತದೆ, ನಡುವೆ ಏನೂ ಇಲ್ಲ. ವೈಡ್ ಮೋಡ್‌ನಲ್ಲಿ 6ನೇ ಚಾನೆಲ್‌ನಿಂದ ಮುಂದಕ್ಕೂ 64 ಅಥವಾ 128 ಹಂತ ಅಷ್ಟೇ. ಫ್ಲಾಪ್‌ಗೆ ಅದು ಧಾರಾಳ. ಏಲೆರಾನ್‌ಗೆ ಫುಲ್ ಮೋಡ್ ಒಳ್ಳೆಯದು. ನಾನು 5ನ್ನು ಖಾಲಿ ಬಿಟ್ಟು, ರಿಸೀವರ್‌ನ ಐದನೇ ಪಿನ್‌ಗೆ, ಅದು ವೈಫೈನಲ್ಲಿ ತೋರಿಸುವ ಸೆಟ್ಟಿಂಗ್ ಪುಟದಿಂದ 6ನೇ ಚಾನೆಲ್ ಜೋಡಿಸಿದ್ದೇನೆ.

ಆ ವೈಫೈ ಬಗ್ಗೆಯೂ ಒಂದು ಮಾತು. ವಿಮಾನಕ್ಕೆ ಬ್ಯಾಟರಿ ಕೊಟ್ಟು, ಟ್ರಾನ್ಸ್‌ಮಿಟರ್ ಆನ್ ಮಾಡದೆ ಹರಟೆ ಹೊಡೆಯುತ್ತ ನಿಂತರೆ ಸುಮಾರು ಒಂದು ನಿಮಿಷದ ನಂತರ ರಿಸೀವರ್ ತಾನೇ ವೈಫೈ ಮೋಡ್‌ಗೆ ಹೋಗುತ್ತದೆ. ಆಮೇಲೆ ಎಷ್ಟು ಒದ್ದಾಡಿದರೂ ಲಿಂಕ್ ಬರುವುದಿಲ್ಲ. ಕೆಟ್ಟುಹೋಯಿತು ಅಂತ ಗಾಬರಿ ಬೇಡ. ಬ್ಯಾಟರಿ ಕಿತ್ತು ಮತ್ತೆ ಹಾಕಿ. ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ವಿಮಾನ, ಆರಿಸುವಾಗ ತಿರುಗಾಮುರುಗಾ ಅನ್ನುವ ಹಳೇ ನಿಯಮ ಇಲ್ಲೂ ಕೈಬಿಡುವುದಿಲ್ಲ. ಹಾಗೆಯೇ, ಟ್ರಾನ್ಸ್‌ಮಿಟರ್‌ನಲ್ಲಿ ಆವೃತ್ತಿ 3 ಇದ್ದು ರಿಸೀವರ್‌ನಲ್ಲಿ 2 ಇದ್ದರೆ ಎರಡೂ ಕೈಕುಲುಕುವುದಿಲ್ಲ. ಅಂಗಡಿಯ ಕಪಾಟಿನಲ್ಲಿ ತುಂಬಾ ದಿನ ಕೂತಿದ್ದ ರಿಸೀವರ್ ಕೊಂಡರೆ ಮೊದಲು ಅಪ್‌ಡೇಟ್ ಮಾಡಿ.

ಫೇಲ್‌ಸೇಫ್, ಅಂದರೆ ಸಿಗ್ನಲ್ ಕಡಿದಾಗ ವಿಮಾನ ಏನು ಮಾಡುತ್ತದೆ ಅನ್ನೋದನ್ನು, ಯಾವ ರೇಡಿಯೊ ಆದರೂ ನೀವೇ ಪರೀಕ್ಷಿಸಬೇಕು. ಪ್ರೊಪೆಲ್ಲರ್ ಬಿಚ್ಚಿ, ಮೋಟಾರ್ ಅರ್ಧ ವೇಗದಲ್ಲಿರುವಾಗ ಟ್ರಾನ್ಸ್‌ಮಿಟರ್ ಆರಿಸಿ. ಮೋಟಾರ್ ನಿಲ್ಲಲೇಬೇಕು. ನಿಲ್ಲದಿದ್ದರೆ ಅವತ್ತು ಹಾರಾಟ ಇಲ್ಲ.

ನನ್ನ ಹಳೇ ವಿಮಾನಗಳಲ್ಲಿ ಫ್ಲೈಸ್ಕೈ ರಿಸೀವರ್‌ಗಳೇ ಇದ್ದವು. ಅವನ್ನು ಎಸೆಯಲಿಲ್ಲ. ಟಿಎಕ್ಸ್16ಎಸ್ ಬೆನ್ನ ಹಿಂದೆ ಹೊರಗಿನ ರೇಡಿಯೊ ಮಾಡ್ಯೂಲ್ ಕೂರಿಸುವ ಜೆಆರ್ ಗಾತ್ರದ ಗೂಡು ಇದೆ. ಅಲ್ಲಿ 4-ಇನ್-1 ಮಾಡ್ಯೂಲ್ ಕೂರಿಸಿದೆ. ಅದರೊಳಗೆ ನಾಲ್ಕು ರೇಡಿಯೊ ಚಿಪ್. ಒಂದು ಫ್ಲೈಸ್ಕೈ ಭಾಷೆ ಆಡುತ್ತದೆ, ಒಂದು ಸ್ಪೆಕ್ಟ್ರಮ್‌ನ ಡಿಎಸ್‌ಎಂ ಆಡುತ್ತದೆ, ಒಂದು ಫ್ರ್‌ಸ್ಕೈನ ಹಳೇ ಪ್ರೊಟೊಕಾಲ್, ಇನ್ನೊಂದು ಆಟಿಕೆ ಡ್ರೋನ್‌ಗಳದ್ದು. ಬಸ್ ಸ್ಟ್ಯಾಂಡಿನ ಏಜೆಂಟ್ ಇದ್ದ ಹಾಗೆ, ಎಲ್ಲ ಊರಿನವರ ಜೊತೆಯೂ ಮಾತಾಡುತ್ತದೆ. ಹಳೇ ವಿಮಾನಗಳಿಗೆ ಹಿಂದಿನ ಮಾಡ್ಯೂಲ್, ಹೊಸದಕ್ಕೆಲ್ಲ ಒಳಗಿನದು. ಮಾಡೆಲ್ ಬದಲಿಸಿದರೆ ಅದೂ ತಾನಾಗಿ ಬದಲಾಗುತ್ತದೆ. ಇಡೀ ಖರೀದಿಯಲ್ಲಿ ನನಗೆ ಹೆಚ್ಚು ದುಡ್ಡು ಉಳಿಸಿದ್ದು ಈ ಗೂಡೇ.

ಕಡ್ಡಿಗಳು ಹಾಲ್ ಸೆನ್ಸರ್‌ನವು. ಒಳಗೆ ಒಂದಕ್ಕೊಂದು ಉಜ್ಜುವ ಭಾಗ ಇಲ್ಲ, ಅಯಸ್ಕಾಂತದಿಂದ ಅಳೆಯುತ್ತದೆ. ಕೆರೆ ಅಂಗಳದ ದೂಳಿಗೆ, ಉಜ್ಜುವ ಭಾಗ ಇರುವ ಪೊಟೆನ್ಷಿಯೊಮೀಟರ್ ಕಡ್ಡಿಗಳು ಬೇಗ ನಡುಗಲು ಶುರುಮಾಡುತ್ತವೆ. ಇವು ಇನ್ನೂ ನಡುಗಿಲ್ಲ. 4.3 ಇಂಚಿನ ಬಣ್ಣದ ಪರದೆ ಸಂಜೆ ಚೆಂದ. ಮಧ್ಯಾಹ್ನದ ಬಿಸಿಲಲ್ಲಿ ಟೋಪಿ ನೆರಳು ಹಿಡಿದೇ ಓದಬೇಕು, ಬಣ್ಣದ ಪರದೆ ಯಾವುದಾದರೂ ಇದೇ ಕಥೆ. ಬ್ಯಾಟರಿ ಬಿಟ್ಟೇ ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ. ಕೊರಳಿಗೆ ಪಟ್ಟಿ ಇಲ್ಲದೆ ನನಗೆ ಆಗುವುದಿಲ್ಲ. ಚಿಕ್ಕ ಕೈಯವರು ಕೊಳ್ಳುವ ಮುಂಚೆ ಯಾರದಾದರೂ ಹಿಡಿದು ನೋಡಿ.

ಸೆಲ್ ವಿಷಯದಲ್ಲಿ ಹುಷಾರು. ಎರಡು 18650 ಲಿಥಿಯಂ ಸೆಲ್ ಬೇಕು, ಅವನ್ನು ಬೇರೆಯಾಗಿ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ 9900 ಎಂಎಎಚ್ ಅಂತ ಅಚ್ಚು ಹಾಕಿದ ಸೆಲ್ ನಮ್ಮ ಗೆಳೆಯರ ಗುಂಪಿಗೆ ಬಂತು. ಆ ಗಾತ್ರದ ಒಳ್ಳೆಯ ಸೆಲ್ ಹಿಡಿಯುವುದೇ 3500ರ ಆಸುಪಾಸು. ಅಳೆದು ನೋಡಿದರೆ ಅದರಲ್ಲಿ ಸಾವಿರವೂ ಇರಲಿಲ್ಲ. ದುಡ್ಡು ವಾಪಸ್ ಬರಲೇ ಇಲ್ಲ. ಹೆಸರಿರುವ ಕಂಪನಿಯ ಸೆಲ್ ಹಾಕಿದರೆ ಯುಎಸ್‌ಬಿ-ಸಿಯಿಂದ ರೇಡಿಯೊದಲ್ಲೇ ಚಾರ್ಜ್ ಆಗುತ್ತದೆ, ಇಡೀ ಭಾನುವಾರ ಚಿಂತೆ ಇಲ್ಲ.

ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿಗೆ ಫೋಮ್ ವಿಮಾನ ಎತ್ತುವುದು ವ್ಯರ್ಥ. ಆಗ ಇದನ್ನೇ ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರ್‌ಗೆ ಚುಚ್ಚಿದರೆ ಜಾಯ್‌ಸ್ಟಿಕ್ ಆಗುತ್ತದೆ. ಪಿಕಾಸಿಮ್ ಎಂಬ ಉಚಿತ ಸಿಮ್ಯುಲೇಟರ್‌ನಲ್ಲಿ ಗ್ಲೈಡರ್ ಹಾರಿಸುತ್ತ ಕೂರಬಹುದು. ಅಕ್ಕನ ಮಗ ಕಲಿತದ್ದು ಹೀಗೆಯೇ. ಆಮೇಲೆ ಮೈದಾನದಲ್ಲಿ ಹಳೇ ಐ6 ಅವನ ಕೈಗೆ ಕೊಟ್ಟು, ಟ್ರೈನರ್ ತಂತಿಯಿಂದ ನನ್ನದಕ್ಕೆ ಜೋಡಿಸಿದೆ. ಸ್ವಿಚ್ ಎಳೆದು ಹಿಡಿದಿದ್ದಷ್ಟು ಹೊತ್ತು ವಿಮಾನ ಅವನದು, ಬಿಟ್ಟ ಕೂಡಲೇ ನನ್ನದು. "ಮಾಮ, ಬಿಡಬೇಡ, ಬಿಡಬೇಡ" ಅಂತ ಕೂಗುತ್ತಲೇ ಲ್ಯಾಂಡಿಂಗ್ ಕಲಿತ.

ಎಲ್ಲಿ ಹಾರಿಸಬಹುದು ಅನ್ನೋದನ್ನೂ ರೇಡಿಯೊ ಕೊಳ್ಳುವ ಮುಂಚೆ ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳಲ್ಲಿ 25 ಕಿಲೋ ಒಳಗಿನ, ಹವ್ಯಾಸಕ್ಕೋ ಕಲಿಕೆಗೋ ಕಣ್ಣಳತೆಯಲ್ಲಿ ಹಾರಿಸುವ ಮಾಡೆಲ್‌ಗಳಿಗೆ ಪ್ರತ್ಯೇಕ ವರ್ಗ ಇದೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ಇರುವ ಕಡೆ 400 ಅಡಿವರೆಗೆ ಅವಕಾಶ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ನಡುವೆ ಅದು 200 ಅಡಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಲ್ಲ ಸೇರಿ ಜಾಗವೇ ಉಳಿಯುವುದಿಲ್ಲ ಅನ್ನಿಸುತ್ತದೆ. ನಮ್ಮ ಜಿಲ್ಲೆಯಲ್ಲೂ ಗುಬ್ಬಿ ಕಡೆ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, ಆ ದಿಕ್ಕಿಗೆ ಹೋಗುವವರು ನಕ್ಷೆ ನೋಡದೆ ಹೊರಡಬೇಡಿ. ಹೊರದೇಶದಿಂದ ನೇರವಾಗಿ ರೇಡಿಯೊ ತರಿಸುವ ಆಸೆಯೂ ಬೇಡ. ವೈರ್‌ಲೆಸ್ ಉಪಕರಣಕ್ಕೆ ಇಟಿಎ (ಎಕ್ವಿಪ್‌ಮೆಂಟ್ ಟೈಪ್ ಅಪ್ರೂವಲ್) ಎಂಬ ಸರ್ಕಾರಿ ಅನುಮೋದನೆ ಕೇಳುತ್ತಾರೆ. ಬಿಲ್ ಕೊಡುವ ಇಲ್ಲಿನ ಅಂಗಡಿಯಲ್ಲೇ ಸ್ವಲ್ಪ ಜಾಸ್ತಿ ಕೊಟ್ಟು ಕೊಳ್ಳಿ.

ಎಲ್ಲರಿಗೂ ಟಿಎಕ್ಸ್16ಎಸ್ ಬೇಕಾ? ಬೇಡ. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೊಮಾಡೆಲಿಂಗ್ ರುಚಿ ಹತ್ತಿಸಿಕೊಂಡ ಕಾಲೇಜು ಹುಡುಗರಿಗೆ ನಾನು ಅದೇ ಕಂಪನಿಯ ಪಾಕೆಟ್ ಎಂಬ ಪುಟ್ಟ ರೇಡಿಯೊ ತೋರಿಸುತ್ತೇನೆ. ಅದೇ ಎಡ್ಜ್‌ಟಿಎಕ್ಸ್, ಅದೇ ಹಾಲ್ ಕಡ್ಡಿ, ಅದೇ ರಿಸೀವರ್‌ಗಳು, ಬೆಲೆ ಎಷ್ಟೋ ಕಡಿಮೆ. ಕಡ್ಡಿ ಚಿಕ್ಕದು, ಅದಕ್ಕೆ ಬೆರಳು ಹೊಂದಿಕೊಳ್ಳುತ್ತದೆ. ನಿಮ್ಮ ಮೈದಾನದಲ್ಲಿ ಹಿರಿಯರೆಲ್ಲ ಫುಟಾಬಾ ಅಥವಾ ಸ್ಪೆಕ್ಟ್ರಮ್ ಹಿಡಿದಿದ್ದು, ನಿಮಗೆ ಕಲಿಸುವವರೂ ಅವರೇ ಆಗಿದ್ದರೆ, ಅದನ್ನೇ ಕೊಳ್ಳಿ. ಸೆಟ್ಟಿಂಗ್ ಕೆಟ್ಟಾಗ ಪಕ್ಕದಲ್ಲಿ ನಿಂತು ಸರಿಮಾಡಿಕೊಡುವವರು ಸಿಗುತ್ತಾರೆ. ಮೋಡ್, ಅಂದರೆ ಯಾವ ಕೆಲಸ ಯಾವ ಕೈಯ ಕಡ್ಡಿಗೆ ಅನ್ನೋದು, ಕೂಡ ಅವರದ್ದೇ ಇರಲಿ. ಅವರು ಥ್ರಾಟಲ್ ಬಲಗೈಯಲ್ಲಿ ಹಿಡಿದು ನೀವು ಎಡಗೈಯಲ್ಲಿ ಹಿಡಿದರೆ, ವಿಮಾನ ತಲೆಕೆಳಗಾದಾಗ ನಿಮ್ಮ ಕೈಯಿಂದ ಕಿತ್ತುಕೊಂಡು ಉಳಿಸಲು ಅವರಿಗೂ ಆಗುವುದಿಲ್ಲ.