ಕಾಲು ನೋವು ಅಂತ ಪ್ಯಾಕೇಜ್ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಎರಡು ವಾರದಿಂದ ಬರೀಲೋ ಬೇಡವೋ ಅಂತ ಒದ್ದಾಡ್ತಿದ್ದೆ. ನಾಚಿಕೆ, ಬೇರೇನಿಲ್ಲ. ನಲವತ್ತೊಂದು ವರ್ಷ ನನಗೆ. ಬ್ಯಾಂಕಲ್ಲಿ ಸಾಲದ ಕಾಗದಪತ್ರ ನೋಡೋ ಕೆಲಸ. ಯಾರ ಸಂಬಳದ ಚೀಟಿ ಅಸಲಿ, ಯಾರದ್ದು ನಕಲಿ ಅಂತ ದಿನಾ ಹುಡುಕೋಳು ನಾನೇ ಹೋಗಿ ಟೋಪಿ ಹಾಕಿಸಿಕೊಂಡು ಬಂದಿದೀನಿ.

ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೆ. ಹಾಫ್ ಅಲ್ಲ, ಪೂರ್ತಿ 42.195 ಕಿಲೋಮೀಟರ್. ಪೆಡ್ಡರ್ ರೋಡ್ ಏರು ಸಿಗೋದು ಕೊನೆಕೊನೆಗೆ, ಕಾಲು ಸತ್ತ ಮೇಲೆ ಅಂತ ಹೋಗಿಬಂದವರು ಹೆದರಿಸಿದ್ರು. ಅದಕ್ಕೇ ಆಗಸ್ಟ್‌ನಿಂದಲೇ ಒಬ್ಬ ಕೋಚ್ ಹತ್ರ ಸೇರಿದೆ. ಭಾನುವಾರ ಬೆಳಗಿನ ಜಾವ ಐದಕ್ಕೆ ಕಬ್ಬನ್ ಪಾರ್ಕ್. ತೂಕ ಇಳಿಸಿ ಅಂದ್ರು, ರಾತ್ರಿ ಅನ್ನ, ಮುದ್ದೆ ಎರಡೂ ಬಿಟ್ಟೆ. "ಊಟ ಬಿಟ್ಟು ಯಾವ ಓಟನೇ ನಿಂದು?" ಅಂತ ಅಮ್ಮ ದಿನಾ ಬೈತಿದ್ರು. ಅಮ್ಮನ ಮಾತು ಕೇಳಿದ್ರೆ ಈ ಕಥೆ ಇಲ್ಲಿಗೇ ಮುಗೀತಿತ್ತು.

ನವೆಂಬರ್‌ನಲ್ಲಿ ಬಲಗಾಲಲ್ಲಿ ನೋವು ಶುರುವಾಯ್ತು. ಮೊಣಕಾಲಿನ ಕೆಳಗೆ, ಒಳಬದಿ ಮೂಳೆ. ಮೊದಲು ಓಡಿದ ಮೇಲೆ ಬರ್ತಿತ್ತು. ಆಮೇಲೆ ಓಡ್ತಾ ಇರುವಾಗಲೇ. ಆಮೇಲೆ ಮನೆ ಮೆಟ್ಟಿಲು ಇಳಿಯುವಾಗ. ಕಡೆಗೆ ರಾತ್ರಿ ಮಲಗಿದ್ರೂ.

ಕೋಚ್ ಒಂದು "ರಿಕವರಿ ಸ್ಟುಡಿಯೋ"ಗೆ ಕಳಿಸಿದ್ರು, ನಮ್ಮ ಗುಂಪಿನವರಿಗೆ ರಿಯಾಯಿತಿ ಅಂತ. ಅವರಿಗೆ ಕಮಿಷನ್ ಹೋಗ್ತಿತ್ತಾ? ಪುರಾವೆ ಇಲ್ಲದೆ ಹೇಳಲ್ಲ. ಅಲ್ಲಿ ಎಸಿ, ಲ್ಯಾವೆಂಡರ್ ವಾಸನೆ, ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟು. "ಶಿನ್ ಸ್ಪ್ಲಿಂಟ್ಸ್ ಮೇಡಂ, ಎಲ್ಲ ರನ್ನರ್ಸ್‌ಗೂ ಬರುತ್ತೆ, ಹನ್ನೆರಡು ಸೆಷನ್‌ನಲ್ಲಿ ಕ್ಲಿಯರ್." ಅಂದ್ರೆ ಜಾಸ್ತಿ ಓಡಿದ್ರೆ ಮೊಣಕಾಲ ಕೆಳಗಿನ ಮೂಳೆ ಉದ್ದಕ್ಕೂ ಬರೋ ನೋವು. 18,000 ರೂಪಾಯಿ, ಮುಂಗಡ. ಗೂಗಲ್ ಪೇ ಮಾಡಿದೆ. ಚರ್ಮ ಮೇಲೆಳೆಯೋ ಬಟ್ಟಲು ಕೂರಿಸಿ ಕಪ್ಪಿಂಗ್ ಮಾಡಿದ್ರು, ನೀಲಿ ಟೇಪ್ ಅಂಟಿಸಿದ್ರು, ಅದೇನೋ ಕೆಂಪು ದೀಪದ ಮೆಷಿನ್ ಇಟ್ರು. ಏಳು ಸಲ ಹೋಗಿದ್ದೆ. ಏಳು ಸಲದಲ್ಲಿ ಒಂದು ಸಲವೂ ಆ ಮೂಳೆ ಮೇಲೆ ಬೆರಳಿಟ್ಟು ಒತ್ತಿ ನೋಡಲಿಲ್ಲ. ಒಂದು ಸಲವೂ!

ನಾನೇ ಹೋಗಿ ಎಕ್ಸ್‌ರೇ ತೆಗೆಸಿದೆ. ಏನೂ ಇಲ್ಲ ಅಂತ ಬಂತು. "ನೋಡಿದ್ರಾ? ಎಲ್ಲ ನಿಮ್ಮ ಮೈಂಡ್‌ನಲ್ಲಿದೆ" ಅಂದ್ರು ಸ್ಟುಡಿಯೋದವರು. ನಕ್ಕೆ ಕೂಡ. ಡಿಸೆಂಬರ್‌ನಲ್ಲಿ 28 ಕಿಲೋಮೀಟರ್ ಓಟ ಇತ್ತು. ನೋವಿನ ಮಾತ್ರೆ ನುಂಗಿ ಓಡಿ ಅಂದ್ರು ಕೋಚ್. ನುಂಗಿದೆ. ಹತ್ತೊಂಬತ್ತನೇ ಕಿಲೋಮೀಟರ್, ಹೈಕೋರ್ಟ್ ಹಿಂಭಾಗ, ಮೂಳೆಯೊಳಗೆ ಯಾರೋ ಮೊಳೆ ಹೊಡೆದ ಹಾಗಾಯ್ತು. ಫುಟ್‌ಪಾತ್ ಮೇಲೆ ಕೂತುಬಿಟ್ಟೆ. ವಾಕಿಂಗ್ ಬಂದಿದ್ದ ಅಜ್ಜಿಯೊಬ್ಬರು ಕೈ ಹಿಡಿದು ಆಟೋ ಹತ್ತಿಸಿದ್ರು.

ಮಾರನೇ ದಿನ ಮೂಳೆ ಡಾಕ್ಟರ್ ಹತ್ರ ಹೋದೆ. ಹೆಬ್ಬೆರಳಲ್ಲಿ ಮೂಳೆ ಉದ್ದಕ್ಕೂ ಒತ್ತಿಕೊಂಡು ಬಂದ್ರು. ರೂಪಾಯಿ ನಾಣ್ಯದಷ್ಟು ಜಾಗ. ಅಲ್ಲಿ ಒತ್ತಿದಾಗ ಕಿರುಚಿಬಿಟ್ಟೆ. ಶಿನ್ ಸ್ಪ್ಲಿಂಟ್ಸ್ ಆದ್ರೆ ನೋವು ಉದ್ದಕ್ಕೂ ಹರಡಿರುತ್ತಂತೆ, ಹೀಗೆ ಒಂದೇ ಜಾಗದಲ್ಲಿ ಚುಚ್ಚಿದ್ರೆ ಅನುಮಾನ ಪಡಬೇಕಂತೆ. ಮೂಳೆಯ ಸಣ್ಣ ಬಿರುಕು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ವಂತೆ. ಎಂಆರ್‌ಐ ಮಾಡಿಸಿದ್ರು. ಸ್ಟ್ರೆಸ್ ಫ್ರಾಕ್ಚರ್.

ಆಮೇಲೆ ಒಂದು ಪ್ರಶ್ನೆ ಕೇಳಿದ್ರು. "ಮುಟ್ಟು ಸರಿಯಾಗಿ ಆಗ್ತಿದ್ಯಾ?" ಮೂರು ತಿಂಗಳಿಂದ ಆಗಿರಲಿಲ್ಲ. ವಯಸ್ಸಿಗೆ ನಿಲ್ತಿದೆ ಅಂದುಕೊಂಡು ಸುಮ್ಮನಿದ್ದೆ. ಓಟ ಜಾಸ್ತಿ, ಊಟ ಕಮ್ಮಿ ಆದ್ರೂ ಮುಟ್ಟು ನಿಲ್ಲುತ್ತೆ, ಜೊತೆಗೆ ಮೂಳೆಯೂ ಸೊರಗುತ್ತೆ ಅಂತ ಬಿಡಿಸಿ ಹೇಳಿದ್ರು. ವಿಟಮಿನ್ ಡಿ ಕೂಡ ತಳ ಮುಟ್ಟಿತ್ತು. ನಾಲ್ಕು ತಿಂಗಳು ಕೋಚು, ಏಳು ಸೆಷನ್ ಸ್ಟುಡಿಯೋ, ಒಬ್ಬರೂ ಕೇಳದ ಪ್ರಶ್ನೆ ಇದು. ಅಲ್ಲೇ ಅಳು ಬಂತು, ಮುಚ್ಚಿಡೋದೇನು.

ಸ್ಟುಡಿಯೋಗೆ ರಿಪೋರ್ಟ್ ಕಳಿಸಿ ಬಾಕಿ ಐದು ಸೆಷನ್ ದುಡ್ಡು ಕೇಳಿದೆ. ಬಂದ ಉತ್ತರ ಇದ್ದಹಾಗೇ ಹಾಕ್ತೀನಿ: "ಮೇಡಂ, ಪ್ಯಾಕೇಜ್ ನಾನ್ ರಿಫಂಡಬಲ್. ಬೇಕಾದ್ರೆ ಮನೆಯವರಿಗೆ ಟ್ರಾನ್ಸ್‌ಫರ್ ಮಾಡಿಕೊಡ್ತೀವಿ." ನಮ್ಮನೆಯವರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತೋರಲ್ಲ! ಮತ್ತೆ ಕೇಳಿದ್ದಕ್ಕೆ, "ನಾವು ರೆಸ್ಟ್ ಮಾಡಿ ಅಂದಿದ್ವಿ, ನೀವು ಬಾಡಿ ಮಾತು ಕೇಳಬೇಕಿತ್ತು." ಎಲ್ಲಿ ಅಂದಿದ್ರು? ಚಾಟ್ ಪೂರ್ತಿ ಮೇಲಿಂದ ಕೆಳಗೆ ನೋಡಿದೆ. "ಡೋಂಟ್ ಸ್ಟಾಪ್ ಚಾಂಪ್" ಅಂತ ಇದೆ, ಬೆಂಕಿ ಎಮೋಜಿ ಜೊತೆ. ಕೋಚ್ ಅಂತೂ ಫೋನೇ ಎತ್ತಲಿಲ್ಲ, ಗುಂಪಿಂದ ನನ್ನನ್ನ ತೆಗೆದುಹಾಕಿದ್ರು.

ಕುಂಟ್ಕೊಂಡು ನಾನೇ ಹೋದೆ. ರಿಸೆಪ್ಶನ್‌ನಲ್ಲಿ ಕಾಯ್ತಾ ಮೊದಲ ಸಲ ಗೋಡೆ ಮೇಲಿನ ಫ್ರೇಮ್ ಓದಿದೆ. ಟೇಪ್ ಅಂಟಿಸೋದರ ಎರಡು ದಿನದ ಕಾರ್ಯಾಗಾರ. ಪಕ್ಕದ್ದು ಕಪ್ಪಿಂಗ್, ಒಂದು ದಿನ. ಇನ್ನೊಂದು ಯಾವುದೋ ಓಟದಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರ. ಬಿಪಿಟಿ, ಅಂದ್ರೆ ಫಿಸಿಯೋಥೆರಪಿ ಡಿಗ್ರಿ, ಅನ್ನೋ ಮೂರು ಅಕ್ಷರ ಆ ಗೋಡೆಯಲ್ಲೆಲ್ಲೂ ಇಲ್ಲ. ಕಾಗದ ಓದೋದೇ ನನ್ನ ಹೊಟ್ಟೆಪಾಡು, ಏಳು ಸಲ ಅದರ ಕೆಳಗೇ ಕೂತು ಫೋನ್ ನೋಡ್ತಿದ್ದೆ. ದುಡ್ಡು ಹೋಗಿದ್ದಕ್ಕಿಂತ ಇದು ಜಾಸ್ತಿ ಉರೀತಿದೆ.

ನಿಮಗೆ ಹೇಳೋದು ಇಷ್ಟೇ. ಒಂದೇ ಜಾಗದಲ್ಲಿ ನೋವಿದ್ರೆ, ರಾತ್ರಿಯೂ ನೋವಿದ್ರೆ, ಮೊದಲು ಮೂಳೆ ಡಾಕ್ಟರ್. ಫಿಸಿಯೋ ಅಂದವರ ಡಿಗ್ರಿ ಕೇಳಿ, ಮುಖ ಗಂಟಿಕ್ಕಿದ್ರೆ ಎದ್ದು ಬನ್ನಿ. ಮಾತ್ರೆ ನುಂಗಿ ಓಡಬೇಡಿ. ಹೆಣ್ಣುಮಕ್ಕಳೇ, ಮುಟ್ಟು ತಪ್ಪಿದ್ರೆ ಡಾಕ್ಟರಿಗೆ ಹೇಳಿ, ನನ್ನ ಹಾಗೆ ವಯಸ್ಸು ಅಂತ ಸುಮ್ಮನಿರಬೇಡಿ.

ನನಗೀಗ ಎಂಟು ವಾರ ಓಟ ಬಂದ್. ಮುಂಬೈ ಹೋಯ್ತು, ಕಟ್ಟಿದ ಫೀಸೂ ಹೋಯ್ತು. ನಿನ್ನೆ ಅದೇ ಸ್ಟುಡಿಯೋದಿಂದ ಮೆಸೇಜು, "ಹಾಯ್ ಚಾಂಪ್, ಹೊಸ ವರ್ಷದ ಆಫರ್." ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದೀನಿ. ಬಾಕಿ 7,500 ವಾಪಸ್ ಬಂದ್ರೆ ಇಲ್ಲೇ ಬರೀತೀನಿ.