ಅಪ್‌ಡೇಟ್ ಬೇಡ ಅಂದೆ, ಸುಮಾತ್ರಾ ಪಿಡಿಎಫ್ ಹಾಕಿಕೊಂಡೆ

ಗೋಣಿಕೊಪ್ಪಲಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ. 4 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರ್. ಅದರಲ್ಲಿದ್ದ ಪಿಡಿಎಫ್ ರೀಡರ್ ದಿನಾ ಅಪ್‌ಡೇಟ್ ಕೇಳುತ್ತಿತ್ತು. ನೂರಾರು ಎಂಬಿ ಡೌನ್‌ಲೋಡ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ. ಆರ್‌ಟಿಸಿ ಪ್ರಿಂಟ್‌ಗೆ ತೋಟದ ಕೆಲಸ ಬಿಟ್ಟು ಬಂದವರನ್ನು ಸುಮ್ನೆ ಕಾಯಿಸುವುದು ನನಗೆ ತುಂಬಾ ಬೇಜಾರು.

ಕೊನೆಗೆ ಸುಮಾತ್ರಾ ಪಿಡಿಎಫ್ ಅನ್ನೋ ಚಿಕ್ಕ ರೀಡರ್‌ಗೆ ಬದಲಾದೆ. ಪೂರ್ತಿ ಉಚಿತ, ಓಪನ್ ಸೋರ್ಸ್ (ಅಂದರೆ ಕೋಡ್ ಯಾರು ಬೇಕಾದರೂ ನೋಡಬಹುದು), ಜಾಹೀರಾತಿಲ್ಲ. ವಿಂಡೋಸ್‌ಗೆ ಮಾತ್ರ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸುವ ಪೋರ್ಟಬಲ್ ಆವೃತ್ತಿಯೂ ಇದೆ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಪುಟ ಎದುರಿಗಿರುತ್ತದೆ. ಇ-ಆಧಾರ್ ತಂದರೆ ಪಾಸ್‌ವರ್ಡ್ ಕೇಳುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹುಟ್ಟಿದ ಇಸವಿ. ಹಾಕಿದ ತಕ್ಷಣ ತೆರೆಯುತ್ತದೆ. ದೊಡ್ಡ ಪುಸ್ತಕ ಮುಚ್ಚಿ ಮತ್ತೆ ತೆರೆದರೆ ಬಿಟ್ಟ ಪುಟದಲ್ಲೇ ಇರುತ್ತದೆ. ಇಪಬ್ ಅನ್ನೋ ಇ-ಪುಸ್ತಕದ ಫೈಲ್ ಕೂಡ ಓದಬಹುದು. ನನಗಂತೂ ಬಹಳ ಇಷ್ಟವಾಯಿತು.

ಕೊರತೆ ಇಲ್ಲವೆಂದಲ್ಲ. ಪಿಡಿಎಫ್‌ನೊಳಗೇ ಫಾರ್ಮ್ ತುಂಬುವ ಕೆಲಸಕ್ಕೆ ಇದು ಆಗಲ್ಲ. ಅದಕ್ಕೆ ನಾನು ಫೈರ್‌ಫಾಕ್ಸ್‌ನಲ್ಲಿ ತೆರೆಯುತ್ತೇನೆ. ಆಧಾರ್‌ನ ಡಿಜಿಟಲ್ ಸಹಿ ಸರಿಯಿದೆ ಎಂದು ತೋರಿಸುವ ಹಸಿರು ಗುರುತು ಬರಿಸಬೇಕೆಂದರೆ ಅಕ್ರೋಬ್ಯಾಟ್ ರೀಡರ್‌ನಂಥ, ಸಹಿ ಪರಿಶೀಲಿಸುವ ರೀಡರ್ ಬೇಕು. ದಿನವೂ ಅದೇ ಕೆಲಸ ಇರುವವರು ಅಂಥ ದೊಡ್ಡ ರೀಡರನ್ನೇ ಅಪ್‌ಡೇಟ್ ಮಾಡಿಕೊಳ್ಳಲಿ. ಬರೀ ಓದಿ ಪ್ರಿಂಟ್ ತೆಗೆಯುವವರಿಗೆ ಅಷ್ಟೊಂದು ಯಾಕೆ, ಅಲ್ವಾ? ಹಾಗಂತ ಸುಮಾತ್ರಾವನ್ನೂ ಹಳೇ ಆವೃತ್ತಿಯಲ್ಲೇ ಬಿಡಬೇಡಿ. ಇದರ ಅಪ್‌ಡೇಟ್ ಚಿಕ್ಕದು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಮುಗಿಯುತ್ತದೆ.